ಬಾಲ ಗೊತ್ತು, ತಲೆ ಗೊತ್ತಿಲ್ಲ: ಗ್ರಹಾಂ ಸಂಖ್ಯೆಯ ಲೆಕ್ಕ

(ತುಮಕೂರಿನಲ್ಲಿ ಒಂದು ಭಾನುವಾರ ಪಿಯು ವಿದ್ಯಾರ್ಥಿಗಳು ಮತ್ತು ಗಣಿತ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದದ್ದನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಇವತ್ತು ಭಾನುವಾರ. ಇನ್ನು ನೂರು ದಿನಕ್ಕೆ ಯಾವ ವಾರ ಬರುತ್ತದೆ? ಹಿಂದಿನ ಸಾಲಿನಿಂದ ಆಗಲೇ ಉತ್ತರ ಬಂತು, ಮಂಗಳವಾರ. ಕ್ಯಾಲೆಂಡರ್ ತಿರುವಿ ಹಾಕಲಿಲ್ಲ ನೀವು. ನೂರನ್ನು ಏಳರಿಂದ ಭಾಗಿಸಿದಿರಿ, ಶೇಷ ಎರಡು ಉಳಿಯಿತು, ಭಾನುವಾರದಿಂದ ಎರಡು ಮುಂದೆ ಹೋದಿರಿ. ಅಷ್ಟೇ.

ಈಗ ಇನ್ನೊಂದು ಪ್ರಶ್ನೆ. ಗ್ರಹಾಂ ಸಂಖ್ಯೆ ಅಂತ ಒಂದಿದೆ. ಅದನ್ನು ಯಾರೂ ಪೂರ್ತಿ ಬರೆದಿಲ್ಲ, ಬರೆಯುವುದಕ್ಕೂ ಆಗುವುದಿಲ್ಲ. ಅದರಲ್ಲಿ ಎಷ್ಟು ಅಂಕಿಗಳಿವೆ ಅನ್ನುವ ಸಂಖ್ಯೆಯನ್ನೂ ಬರೆಯುವುದಕ್ಕೆ ಆಗುವುದಿಲ್ಲ. ಅಷ್ಟು ದಿನ ಕಳೆದ ಮೇಲೆ ಯಾವ ವಾರ? ಇದಕ್ಕೂ ಖಚಿತ ಉತ್ತರ ಇದೆ. ಇನ್ನು ಸ್ವಲ್ಪ ಹೊತ್ತಿಗೆ ನೀವೇ ಹೇಳುತ್ತೀರಿ, ಕ್ಯಾಲ್ಕುಲೇಟರ್ ಬೇಡ.

ಮೊದಲು ದೊಡ್ಡದು ಅಂದರೆ ಎಷ್ಟು ದೊಡ್ಡದು ಅಂತ ನೋಡೋಣ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅನ್ನುವ ಗಣಿತಜ್ಞ ಇದ್ದ. ಅವನ ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರಿದೆ. ಏಕ, ದಶ, ಶತದಿಂದ ಶುರುವಾಗಿ ಮಹಾಕ್ಷೋಭದವರೆಗೆ. ಮಹಾಕ್ಷೋಭ ಅಂದರೆ ಒಂದರ ಮುಂದೆ 23 ಸೊನ್ನೆ. ಆ ಮಹಾಶಯನಿಗೆ ಅಂಕಿಗಳ ಜೊತೆ ಆಟ ಆಡುವ ಚಪಲವೂ ಇತ್ತು. 142857143 ಅನ್ನು 7ರಿಂದ ಗುಣಿಸಿ ನೋಡಿ, 1000000001 ಬರುತ್ತದೆ. 27994681 ಅನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮನೆಗೆ ಹೋಗಿ ಕೈಯಲ್ಲೇ ಗುಣಿಸಿ, ಮಜಾ ಇದೆ.

24 ಸ್ಥಾನ ಸಾಕಾಗುತ್ತದಾ? ಭೌತಶಾಸ್ತ್ರದವರಿಗೆ ಇನ್ನೊಂದಿಷ್ಟು ಬೇಕು. ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಕೆಳಗೆ, 1980ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಪ್ರೋಟಾನ್ ಯಾವಾಗಲಾದರೂ ತಾನಾಗಿ ಒಡೆಯುತ್ತದೆಯೇ ಅಂತ ನೋಡುವುದು. ಒಡೆಯುವುದಾದರೆ ಅದರ ಆಯಸ್ಸು ಒಂದರ ಮುಂದೆ ಸುಮಾರು ಮೂವತ್ತು ಸೊನ್ನೆ ಹಾಕಿದಷ್ಟು ವರ್ಷ ಇರಬೇಕು ಅಂತ ಆಗಿನ ಲೆಕ್ಕಾಚಾರ. ಅಷ್ಟು ವರ್ಷ ಕಾಯುವವರು ಯಾರು? ಅದಕ್ಕೇ ಉಪಾಯ ಮಾಡಿದರು. ಒಂದು ಪ್ರೋಟಾನನ್ನು 10³⁰ ವರ್ಷ ಕಾಯುವ ಬದಲು, 10³¹ಕ್ಕೂ ಜಾಸ್ತಿ ಪ್ರೋಟಾನುಗಳನ್ನು ಒಟ್ಟಿಗೆ ಇಟ್ಟುಕೊಂಡು ಒಂದೆರಡು ವರ್ಷ ಕಾಯುವುದು. ಅಷ್ಟು ಪ್ರೋಟಾನುಗಳಿಗೆ ಬೇಕಾದದ್ದು ಸುಮಾರು 140 ಟನ್ ತೂಕದ ಉಪಕರಣ, ಹೆಚ್ಚಿನಂಶ ಕಬ್ಬಿಣದ ತಟ್ಟೆಗಳು. ಪ್ರೋಟಾನ್ ಒಡೆದದ್ದು ಖಚಿತವಾಗಿ ಇವತ್ತಿನವರೆಗೆ ಎಲ್ಲೂ ಕಂಡಿಲ್ಲ, ಅದು ಬೇರೆ ಮಾತು. ನಾನು ಹೇಳಬೇಕಾದದ್ದು ಇಷ್ಟೇ: 31 ಸೊನ್ನೆಯ ಸಂಖ್ಯೆಯನ್ನು ಲಾರಿಗಳಲ್ಲಿ ಸಾಗಿಸಬಹುದು. ನಮಗೆ ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಲೆಕ್ಕ ಹಾಕಿದರೂ ಸುಮಾರು 80 ಸೊನ್ನೆ ಅನ್ನುತ್ತಾರೆ. ಒಂದರ ಮುಂದೆ ನೂರು ಸೊನ್ನೆ ಹಾಕಿದರೆ ಗೂಗೋಲ್. ಎಡ್ವರ್ಡ್ ಕಾಸ್ನರ್ ಅನ್ನುವ ಅಮೆರಿಕದ ಗಣಿತಜ್ಞ ತನ್ನ ಪುಟ್ಟ ಸೋದರಳಿಯನಿಂದ ಆ ಹೆಸರು ಇಡಿಸಿದ. ಎಣಿಸುವುದಕ್ಕೆ ವಿಶ್ವದಲ್ಲಿ ಅಷ್ಟು ವಸ್ತುಗಳೇ ಇಲ್ಲ. ಆದರೆ ಬರೆಯುವುದಕ್ಕೆ ನೋಟ್‌ಬುಕ್ಕಿನ ಮೂರ್ನಾಲ್ಕು ಸಾಲು ಸಾಕು. ಸೊನ್ನೆ ಹಾಕುತ್ತಾ ಹೋಗುವ ದಾರಿಯಲ್ಲಿ ನಾವು ತುಂಬಾ ದೂರ ಹೋಗುವುದಿಲ್ಲ. ಬೇರೆ ದಾರಿ ಹಿಡಿಯಬೇಕು.

ಆ ಬೇರೆ ದಾರಿ ನಮ್ಮ ಕಡೆ ಸಾವಿರ ವರ್ಷದ ಹಿಂದೆಯೇ ಇತ್ತು. ನಿಮ್ಮಲ್ಲಿ ಎಷ್ಟೋ ಜನ ಇಲ್ಲೇ ಊರಾಚೆ ಮಂದರಗಿರಿಗೆ, ಬಸದಿ ಬೆಟ್ಟಕ್ಕೆ, ಹೋಗಿರುತ್ತೀರಿ. ಜೈನರ ಗಣಿತದಲ್ಲಿ ಸಂಖ್ಯೆಗಳಿಗೆ ಮೂರು ದರ್ಜೆ ಇವೆ. ಎಣಿಸಬಹುದಾದದ್ದು, ಎಣಿಸಲಾಗದ್ದು, ಅನಂತ. ಎಣಿಸಬಹುದಾದದ್ದು ಎಲ್ಲಿಗೆ ಮುಗಿಯುತ್ತದೆ ಅಂತ ಹೇಳಬೇಕಲ್ಲ, ಅದಕ್ಕೆ ಒಂದು ಸಾಸಿವೆ ಲೆಕ್ಕ ಇದೆ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ತ್ರಿಲೋಕಸಾರದಲ್ಲಿ ಇದು ಬರುತ್ತದೆ. ಅದಕ್ಕಿಂತ ಹಳೆಯ ಆಗಮಗಳಲ್ಲೂ ಇದೆ.

ಲೆಕ್ಕ ಹೀಗೆ. ಒಂದು ಲಕ್ಷ ಯೋಜನ ಅಗಲ, ಸಾವಿರ ಯೋಜನ ಆಳದ ಒಂದು ಕುಂಡ. ಅದರ ತುಂಬ ಸಾಸಿವೆ. ಜೈನರ ಲೋಕದಲ್ಲಿ ದ್ವೀಪ, ಸಮುದ್ರ, ಮತ್ತೆ ದ್ವೀಪ, ಹೀಗೆ ಒಂದನ್ನೊಂದು ಬಳೆಯಂತೆ ಸುತ್ತಿಕೊಂಡಿವೆ, ಒಂದೊಂದೂ ಹಿಂದಿನದಕ್ಕಿಂತ ಎರಡು ಪಟ್ಟು ಅಗಲ. ಕುಂಡದಿಂದ ಸಾಸಿವೆ ತೆಗೆದುಕೊಂಡು ದ್ವೀಪಕ್ಕೊಂದು, ಸಮುದ್ರಕ್ಕೊಂದು ಹಾಕುತ್ತಾ ಹೋಗಿ. ಕುಂಡ ಖಾಲಿಯಾದಾಗ ಶಲಾಕಾ ಅನ್ನುವ ಎರಡನೇ ಕುಂಡಕ್ಕೆ ಒಂದೇ ಒಂದು ಕಾಳು ಹಾಕಿ. ಕೊನೆಯ ಕಾಳು ಬಿದ್ದ ಜಾಗ ಇದೆಯಲ್ಲ, ಈಗ ಅಷ್ಟು ಅಗಲದ ಹೊಸ ಕುಂಡ ಮಾಡಿ. ಅದನ್ನು ಸಾಸಿವೆಯಿಂದ ತುಂಬಿ. ಮತ್ತೆ ಹಂಚುತ್ತಾ ಹೋಗಿ. ಮುಗಿದಾಗ ಶಲಾಕಾಕ್ಕೆ ಇನ್ನೊಂದು ಕಾಳು. ಹೀಗೆ ಶಲಾಕಾ ತುಂಬಿದರೆ ಮೂರನೆಯ ಪ್ರತಿಶಲಾಕಾಕ್ಕೆ ಒಂದು ಕಾಳು. ಅದೂ ತುಂಬಿದರೆ ಮಹಾಶಲಾಕಾಕ್ಕೆ ಒಂದು. ಮಹಾಶಲಾಕಾ ತುಂಬುವವರೆಗೂ ನಡೆಸಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ದೊಡ್ಡ ಕುಂಡ, ಚಿಕ್ಕ ಕಾಳು ಅನ್ನುವುದರಲ್ಲಿ ಅಂಥ ವಿಶೇಷ ಏನಿಲ್ಲ. ಒಂದು ಸುತ್ತಿನಲ್ಲಿ ಬಂದ ಉತ್ತರವೇ ಮುಂದಿನ ಸುತ್ತಿನ ಅಳತೆ ಆಗುತ್ತದೆ, ವಿಶೇಷ ಅಲ್ಲಿದೆ. ಎರಡನೇ ಸುತ್ತಿಗೇ ಗೂಗೋಲ್ ಎಲ್ಲೋ ಹಿಂದೆ ಬಿದ್ದಿರುತ್ತದೆ. ಇದನ್ನು ಕಂಡುಕೊಂಡವರು ಯಾರೋ, ಅವರಿಗೆ ದೊಡ್ಡ ಸಂಖ್ಯೆಯ ಗುಟ್ಟು ಪೂರ್ತಿ ಸಿಕ್ಕಿತ್ತು ಅಂತ ನನ್ನ ಅಭಿಪ್ರಾಯ.

ಗ್ರಹಾಂ ಸಂಖ್ಯೆಯ ಗುಟ್ಟೂ ಅದೇ. ಅಲ್ಲಿ ಸಾಸಿವೆ ಬದಲು ಬಾಣ. ಡೊನಾಲ್ಡ್ ಕ್ನೂತ್ ಅನ್ನುವ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1976ರಲ್ಲಿ ತಂದ ಬರವಣಿಗೆಯ ಕ್ರಮ. ಬೋರ್ಡ್ ನೋಡಿ.

3↑3 ಅಂದರೆ 3ರ ಘಾತ 3, ಅಂದರೆ 27.

3↑↑3 ಅಂದರೆ ಮೂರು ಅಂತಸ್ತಿನ ಗೋಪುರ. 3ರ ಘಾತ 3ರ ಘಾತ 3. ಮೇಲಿನಿಂದ ಬಿಡಿಸಿಕೊಂಡು ಬರಬೇಕು. ಮೇಲಿನ ಎರಡು ಸೇರಿ 27, ಆಮೇಲೆ 3²⁷. ಇದು 7,62,559 ಕೋಟಿ 74 ಲಕ್ಷ 84 ಸಾವಿರದ 987. ಸರ್ಕಾರದ ಬಜೆಟ್ಟಿನ ಸುದ್ದಿಯಲ್ಲಿ ಬರುವಂಥ ಸಂಖ್ಯೆ, ಗಾಬರಿ ಬೇಡ.

3↑↑4 ಅಂದರೆ ಇನ್ನೊಂದೇ ಅಂತಸ್ತು. 3ರ ಘಾತ ಈಗ ಹೇಳಿದ ಏಳು ಲಕ್ಷ ಚಿಲ್ಲರೆ ಕೋಟಿ. ಇದರ ಬೆಲೆ ಅಲ್ಲ, ಇದರಲ್ಲಿರುವ ಅಂಕಿಗಳ ಸಂಖ್ಯೆಯೇ 3,63,833 ಕೋಟಿ. ಸೆಕೆಂಡಿಗೆ ಒಂದು ಅಂಕಿ ಬರೆದರೆ ಸುಮಾರು 1,15,000 ವರ್ಷ ಬೇಕು. ಐದನೇ ಅಂತಸ್ತಿಗೆ ಹೋದರೆ ಅಂಕಿಗಳನ್ನು ಬರೆಯಲು ವಿಶ್ವ ಸಾಲದು.

3↑↑↑3, ಮೂರು ಬಾಣ. ಇದು 3ರ ಗೋಪುರವೇ, ಆದರೆ ಅದರ ಅಂತಸ್ತುಗಳು 7,62,559 ಕೋಟಿ ಚಿಲ್ಲರೆ. ಐದನೇ ಅಂತಸ್ತಿಗೇ ಸುಸ್ತಾದೆವು, ನೆನಪಿರಲಿ.

ನಾಲ್ಕು ಬಾಣ ಹೀಗೆ. 3 ತೆಗೆದುಕೊಳ್ಳಿ. ಅಷ್ಟು ಅಂತಸ್ತಿನ ಗೋಪುರ ಕಟ್ಟಿ. ಬಂದ ಬೆಲೆಯಷ್ಟು ಅಂತಸ್ತಿನ ಇನ್ನೊಂದು ಗೋಪುರ. ಅದರ ಬೆಲೆಯಷ್ಟು ಅಂತಸ್ತಿನ ಮತ್ತೊಂದು. ಹೀಗೆ 3↑↑↑3ನೆಯ ಸಂಖ್ಯೆ ಬರುವವರೆಗೆ. ಈ 3↑↑↑↑3 ಅನ್ನು g₁ ಅನ್ನೋಣ. ಇದು ಗ್ರಹಾಂ ಸಂಖ್ಯೆ ಅಲ್ಲ. ಇದು ಮೊದಲನೇ ಮೆಟ್ಟಿಲು. g₂ ಬೇಕಾದರೆ ಎರಡು 3ಗಳ ನಡುವೆ g₁ ಬಾಣಗಳನ್ನು ಹಾಕಬೇಕು. ಐದಲ್ಲ, ಆರಲ್ಲ, g₁ ಬಾಣ. g₃ಕ್ಕೆ g₂ ಬಾಣ. ಹೀಗೆ 64ನೆಯ ಮೆಟ್ಟಿಲಿಗೆ ಬಂದಾಗ ಸಿಗುವ g₆₄, ಅದು ಗ್ರಹಾಂ ಸಂಖ್ಯೆ. ಹಿಂದಿನ ಉತ್ತರವೇ ಮುಂದಿನ ಅಳತೆ. ಸಾಸಿವೆ ಲೆಕ್ಕದ್ದೇ ಚಾಳಿ.

ಒಬ್ಬ ಹುಡುಗ ಮಧ್ಯದಲ್ಲೇ ಕೈ ಎತ್ತಿ ಕೇಳಿದ, "ಸಾರ್, ಇದು ಅನಂತಕ್ಕೆ ಹತ್ತಿರ ಅಲ್ವಾ?" ಇಲ್ಲಪ್ಪ. ಅನಂತಕ್ಕೆ ಹತ್ತಿರ ಅನ್ನುವುದೇ ಇಲ್ಲ. ಗ್ರಹಾಂ ಸಂಖ್ಯೆಯ ಮುಂದೆ ಎಷ್ಟು ಪೂರ್ಣಸಂಖ್ಯೆಗಳು ಉಳಿದಿವೆಯೋ, 5ರ ಮುಂದೆಯೂ ಅಷ್ಟೇ ಉಳಿದಿವೆ. ಇದು 5ರಂತೆ, 27ರಂತೆ ಒಂದು ಸಾಧಾರಣ ಪೂರ್ಣಸಂಖ್ಯೆ. ಒಂದೋ ಸಮ, ಇಲ್ಲವೇ ಬೆಸ. ಏಳರಿಂದ ಭಾಗಿಸಿದರೆ ಏನೋ ಒಂದು ಶೇಷ ಬಂದೇ ಬರಬೇಕು. ಅದಕ್ಕೇ ನಾವು ಅದನ್ನು ಮಾತಾಡಿಸಬಹುದು.

ಸರಿ, ಮಾತಾಡಿಸೋಣ. ಬಾಣಗಳು ಎಷ್ಟೇ ಇರಲಿ, ಬಿಚ್ಚುತ್ತಾ ಹೋದರೆ ಕೊನೆಗೆ ಸಿಗುವುದು 3ಗಳ ಒಂದು ಗೋಪುರ. ಅಂದರೆ ಗ್ರಹಾಂ ಸಂಖ್ಯೆ = 3ರ ಘಾತ ಏನೋ ಒಂದು. ಆ ಘಾತಾಂಕವೂ 3ರ ಘಾತವೇ. ಅದರ ಘಾತಾಂಕವೂ ಅಷ್ಟೇ. ಇಷ್ಟು ಸಾಕು.

3 ಬಿಟ್ಟು ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ. ಇದು ಬೆಸ. ಘಾತಾಂಕ ಬೆಸವಾದ್ದರಿಂದ ಇದು ಪೂರ್ಣ ವರ್ಗ ಅಲ್ಲ. ಘಾತಾಂಕ 3ರಿಂದ ಭಾಗವಾಗುವುದರಿಂದ ಪೂರ್ಣ ಘನ. ಅಂಕಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತ 9ರಿಂದ ಭಾಗವಾಗುತ್ತದೆ. ಒಂದು ಅಂಕಿಯನ್ನೂ ನೋಡದೆ ಮೊತ್ತದ ಬಗ್ಗೆ ಮಾತಾಡಿದೆವು, ಗಮನಿಸಿದಿರಾ?

ಈಗ ಕೊನೆಯ ಅಂಕಿ. 3ರ ಘಾತಗಳನ್ನು ಬರೆಯೋಣ: 3, 9, 27, 81, 243, 729, 2187, 6561. ಬಿಡಿ ಸ್ಥಾನ ಮಾತ್ರ ನೋಡಿ. 3, 9, 7, 1, ಮತ್ತೆ 3, 9, 7, 1. ನಾಲ್ಕರ ಸುತ್ತು. ಅಂದರೆ ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ ಎಷ್ಟು ಅಂತ ಗೊತ್ತಾದರೆ ಸಾಕು. ನಮ್ಮ ಘಾತಾಂಕ 3ರ ಬೆಸ ಘಾತ. 3ನ್ನು 4ರಿಂದ ಭಾಗಿಸಿದರೆ ಶೇಷ 3. ಒಂಬತ್ತಕ್ಕೆ 1. ಇಪ್ಪತ್ತೇಳಕ್ಕೆ 3. ಎಂಬತ್ತೊಂದಕ್ಕೆ 1. ಬೆಸ ಘಾತಕ್ಕೆ ಯಾವಾಗಲೂ 3. ಹಾಗಾದರೆ ಸುತ್ತಿನಲ್ಲಿ ಮೂರನೆಯದು, 7. ಗ್ರಹಾಂ ಸಂಖ್ಯೆಯ ಕೊನೆಯ ಅಂಕಿ 7. ಒಂದೂವರೆ ನಿಮಿಷದ ಕೆಲಸ.

ಕೊನೆಯ ಎರಡಂಕಿ? ಅಲ್ಲಿ ಸುತ್ತು 20ರದ್ದು. ಘಾತಾಂಕವನ್ನು 20ರಿಂದ ಭಾಗಿಸಿದರೆ ಶೇಷ ಬೇಕು. 3ರ ಘಾತಗಳನ್ನು 20ರಿಂದ ಭಾಗಿಸುತ್ತಾ ಹೋದರೆ ಶೇಷ 3, 9, 7, 1, ಮತ್ತೆ ಅದೇ ನಾಲ್ಕರ ಸುತ್ತು. ನಮ್ಮದು ಮೂರನೆಯದು, ಆದ್ದರಿಂದ 7. 3⁷ ಅಂದರೆ 2187. ಕೊನೆಯ ಎರಡಂಕಿ 87.

ಮೂರಂಕಿಗೆ ಸುತ್ತು 100ರದ್ದು. ಘಾತಾಂಕವನ್ನು ನೂರರಿಂದ ಭಾಗಿಸಿದ ಶೇಷ ಅಂದರೆ ಅದರ ಕೊನೆಯ ಎರಡಂಕಿ. ಆದರೆ ಘಾತಾಂಕವೂ 3ರ ಎತ್ತರದ ಗೋಪುರವೇ ಅಲ್ವಾ? ಅದರ ಕೊನೆಯ ಎರಡಂಕಿ ಈಗಷ್ಟೇ ಸಿಕ್ಕಿದೆ, 87. ಹಾಗಾದರೆ 3⁸⁷ರ ಕೊನೆಯ ಮೂರಂಕಿ ನೋಡಿದರೆ ಆಯಿತು. 3²⁰ರ ಬಾಲ 401. ಅದನ್ನು ಅದರಿಂದಲೇ ಗುಣಿಸಿದರೆ 3⁴⁰ರ ಬಾಲ 801. ಮತ್ತೊಮ್ಮೆ ಹಾಗೇ ಮಾಡಿದರೆ 3⁸⁰ರ ಬಾಲ 601. ಅದಕ್ಕೆ 3⁷ರ 187 ಗುಣಿಸಿ, 1,12,387. ಉತ್ತರ 387. ನನಗೆ ಇದರಲ್ಲಿ ತುಂಬಾ ಹಿಡಿಸುವುದು ಏನೆಂದರೆ, ಒಂದು ಹೆಜ್ಜೆಯ ಉತ್ತರವೇ ಮುಂದಿನ ಹೆಜ್ಜೆಯ ಕೀಲಿ. ಸಂಖ್ಯೆಯನ್ನು ಬೆಳೆಸಿದ ಉಪಾಯವೇ ಅದನ್ನು ಬಿಚ್ಚುವುದಕ್ಕೂ ಬಂತು. ಹೀಗೇ ಮುಂದುವರಿದರೆ ಕೊನೆಯ ಹತ್ತು ಅಂಕಿಗಳು 2464195387. ಕಂಪ್ಯೂಟರ್ ಇದ್ದರೆ ಐನೂರು ಅಂಕಿ ಕೂಡ ಕಷ್ಟ ಇಲ್ಲ.

ಇಲ್ಲಿ ನನ್ನದೊಂದು ತಕರಾರು ಇದೆ. ಯೂಟ್ಯೂಬ್‌ನಲ್ಲಿ ಈ ಹತ್ತಂಕಿಯನ್ನು ಗ್ರಹಾಂ ಸಂಖ್ಯೆಯ ಗುರುತಿನ ಚೀಟಿಯ ಹಾಗೆ ತೋರಿಸುತ್ತಾರೆ. ನಾವು ಮಾಡಿದ ಲೆಕ್ಕದಲ್ಲಿ 64 ಮೆಟ್ಟಿಲು ಎಲ್ಲಾದರೂ ಬಂತಾ? ಇಲ್ಲ. ಗೋಪುರ ಎತ್ತರ ಇದೆ ಅನ್ನುವುದು ಮಾತ್ರ ಬಂತು. ಮೂರು ಅಂತಸ್ತಿನದು 987ಕ್ಕೆ ಮುಗಿಯಿತು, ಬೋರ್ಡಿನ ಮೇಲೆ ಇನ್ನೂ ಇದೆ. ನಾಲ್ಕು ಅಂತಸ್ತಿನದು 387. ಐದರದ್ದೂ 387, ಕೋಟಿಯದ್ದೂ 387. g₁ನ್ನೂ g₆₄ನ್ನೂ ಬಲಗಡೆಯಿಂದ ಪಕ್ಕಪಕ್ಕ ಇಟ್ಟು ಹೋಲಿಸಿದರೆ, ಬರೆಯಲು ಸಾಧ್ಯವಿರುವಷ್ಟು ದೂರ ಎರಡೂ ಒಂದೇ. ಬಾಲ ನೋಡಿ ಯಾವ ಪ್ರಾಣಿ ಅಂತ ಹೇಳುವುದಕ್ಕೆ ಆಗುವುದಿಲ್ಲ.

ಈಗ ವಾರ. 3ರ ಘಾತಗಳನ್ನು 7ರಿಂದ ಭಾಗಿಸಿದರೆ ಶೇಷ 3, 2, 6, 4, 5, 1, ಆರರ ಸುತ್ತು. ನಮ್ಮ ಘಾತಾಂಕವನ್ನು 6ರಿಂದ ಭಾಗಿಸಿದರೆ? ಅದು 3ರಿಂದ ಭಾಗವಾಗುತ್ತದೆ, ಬೆಸ ಕೂಡ. ಹಾಗಿದ್ದರೆ ಶೇಷ 3 ಬಿಟ್ಟು ಬೇರೆ ಬರುವಂತಿಲ್ಲ. ಸುತ್ತಿನಲ್ಲಿ ಮೂರನೆಯದು 6. ಭಾನುವಾರದಿಂದ ಆರು ದಿನ, ಶನಿವಾರ. ಮೂಲೆಯಲ್ಲಿ ಕೂತ ಇಬ್ಬರು ಹುಡುಗಿಯರು ನನಗಿಂತ ಮೊದಲೇ ಹೇಳಿಬಿಟ್ಟರು.

ಪಂಚಾಂಗದವರಿಗೆ ಇದು ಹಳೆಯ ಕಸುಬು. ಕಲಿಯುಗದ ಆರಂಭದಿಂದ ಇವತ್ತಿನವರೆಗಿನ ದಿನಗಳ ಒಟ್ಟು ಲೆಕ್ಕಕ್ಕೆ ಅಹರ್ಗಣ ಅನ್ನುತ್ತಾರೆ. ಅದನ್ನು ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಎಣಿಸಿದರೆ ವಾರ ಸಿಗಬೇಕು. ಸಿಗದಿದ್ದರೆ ಅಹರ್ಗಣದಲ್ಲಿ ಒಂದು ದಿನ ಆಚೀಚೆ ಆಗಿದೆ ಅಂತ ಅರ್ಥ, ತಿದ್ದಿಕೊಳ್ಳಬೇಕು. ಆರ್ಯಭಟ ಒಂದು ಮಹಾಯುಗಕ್ಕೆ 157 ಕೋಟಿ 79 ಲಕ್ಷ 17 ಸಾವಿರದ 500 ದಿನ ಅಂತ ಹಿಡಿದ. ಅವರಿಗೂ ಶೇಷ ಮುಖ್ಯ, ಭಾಗಲಬ್ಧ ಯಾರಿಗೂ ಬೇಡ.

ಬಾಲದ ಕಡೆ ಆಯಿತು. ತಲೆಯ ಕಡೆ ಬನ್ನಿ. ಗ್ರಹಾಂ ಸಂಖ್ಯೆಯ ಮೊದಲ ಅಂಕಿ ಯಾವುದು? ಗೊತ್ತಿಲ್ಲ. ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಯ ಐನೂರು ಸಲೀಸಾಗಿ ಸಿಕ್ಕಿದವು, ಮೊದಲನೆಯ ಒಂದೇ ಒಂದು ಯಾಕೆ ಸಿಗುವುದಿಲ್ಲ? ಬಲಗಡೆ ಸುತ್ತು ಇದೆ, ಎಡಗಡೆ ಸುತ್ತು ಇಲ್ಲ. ಮೊದಲ ಅಂಕಿ ಬೇಕಾದರೆ ಲಾಗ್ ಹಿಡಿಯಬೇಕು. ಘಾತಾಂಕವನ್ನು 3ರ ಲಾಗ್‌ನಿಂದ, ಅಂದರೆ 0.4771212... ಅನ್ನುವುದರಿಂದ ಗುಣಿಸಿ, ದಶಮಾಂಶ ಬಿಂದುವಿನ ನಂತರ ಏನು ಉಳಿಯಿತು ನೋಡಬೇಕು. ಘಾತಾಂಕದಲ್ಲಿ ಹತ್ತು ಅಂಕಿ ಇದ್ದರೆ ಲಾಗ್ ಹತ್ತು ಅಂಕಿಗಿಂತ ಜಾಸ್ತಿ ನಿಖರವಾಗಿ ಗೊತ್ತಿರಬೇಕು. ಇಲ್ಲದಿದ್ದರೆ ಬಿಂದುವಿನ ನಂತರದ್ದು ಬರೀ ಕಸ. ನಮ್ಮ ಘಾತಾಂಕದಲ್ಲಿ ಎಷ್ಟು ಅಂಕಿ ಅಂತ ಬರೆಯುವುದಕ್ಕೇ ಜಾಗ ಇಲ್ಲ. ಅಷ್ಟು ಅಂಕಿಯವರೆಗೆ ಲಾಗ್ ಯಾರು ತೆಗೆಯುತ್ತಾರೆ?

ಆದರೆ ಒಂದು ತಮಾಷೆ ಇದೆ. ಈ ತೊಂದರೆ ಇರುವುದು ಹತ್ತರಲ್ಲಿ ಎಣಿಸುವ ನಮಗೆ ಮಾತ್ರ. ಮೂರರಲ್ಲಿ ಎಣಿಸುವವರು ಎಲ್ಲಾದರೂ ಇದ್ದರೆ, 0, 1, 2 ಅಷ್ಟೇ ಅಂಕಿ ಇದ್ದವರು, ಅವರಿಗೆ ಗ್ರಹಾಂ ಸಂಖ್ಯೆ ಅಂದರೆ ಒಂದರ ಮುಂದೆ ಬರೀ ಸೊನ್ನೆಗಳು. ತಲೆಯಿಂದ ಬಾಲದವರೆಗೆ ಪ್ರತಿ ಅಂಕಿಯೂ ಗೊತ್ತು! ಸೊನ್ನೆ ಎಷ್ಟು ಅನ್ನುವುದು ಮಾತ್ರ ತಲೆನೋವು.

ಈ ಗ್ರಹಾಂ ಸಂಖ್ಯೆ ಯಾಕೆ ಹುಟ್ಟಿತು ಅಂತ ಒಬ್ಬ ಮೇಡಂ ಕೇಳಿದರು. ಸರಿಯಾದ ಪ್ರಶ್ನೆ. ರೊನಾಲ್ಡ್ ಗ್ರಹಾಂ ಮತ್ತು ಬ್ರೂಸ್ ರಾತ್‌ಸ್ಚೈಲ್ಡ್ ಅನ್ನುವ ಅಮೆರಿಕದ ಗಣಿತಜ್ಞರು 1971ರಲ್ಲಿ ಬಣ್ಣ ಹಚ್ಚುವ ಒಂದು ಸಮಸ್ಯೆ ಬಿಡಿಸಿದರು. ಒಂದು ಘನಾಕೃತಿ ತೆಗೆದುಕೊಳ್ಳಿ, ಎಂಟು ಮೂಲೆ. ಪ್ರತಿ ಮೂಲೆಯಿಂದ ಉಳಿದ ಎಲ್ಲ ಮೂಲೆಗಳಿಗೂ ಗೆರೆ ಎಳೆಯಿರಿ, ಒಟ್ಟು 28. ಪ್ರತಿ ಗೆರೆಗೂ ಕೆಂಪು ಅಥವಾ ನೀಲಿ ಹಚ್ಚಿ. ಒಂದೇ ಸಮತಲದಲ್ಲಿರುವ ನಾಲ್ಕು ಮೂಲೆಗಳು, ಅವುಗಳ ನಡುವಿನ ಆರೂ ಗೆರೆ ಒಂದೇ ಬಣ್ಣ, ಹೀಗೆ ಆಗದಂತೆ ಹಚ್ಚಬೇಕು. ಮೂರು ಆಯಾಮದಲ್ಲಿ ಹಚ್ಚಬಹುದು. ಆಯಾಮ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಹೇಗೆ ಹಚ್ಚಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಅವರು ಸಾಧಿಸಿದರು. ಯಾವ ಆಯಾಮದಲ್ಲಿ? ಅದಕ್ಕೆ ಹಾಕಿದ ಒಂದು ಮೇಲಿನ ಮಿತಿಯೇ ಗ್ರಹಾಂ ಸಂಖ್ಯೆ. 1977ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತನ್ನ ಗಣಿತದ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. 1980ರಲ್ಲಿ ಗಿನ್ನೆಸ್ ಪುಸ್ತಕಕ್ಕೂ ಸೇರಿತು. ಆಮೇಲೆ ಮೇಲಿನ ಮಿತಿಯನ್ನು ಎಷ್ಟೋ ಕೆಳಗೆ ಇಳಿಸಿದ್ದಾರೆ, ಆದರೂ ಅದು ಬರೆಯುವಷ್ಟು ಚಿಕ್ಕದಾಗಿಲ್ಲ.

ಕೆಳಗಿನ ಮಿತಿ ಎಷ್ಟು ಗೊತ್ತಾ? ಆಗ 6 ಅಂತಿತ್ತು. ಉತ್ತರವೂ 6 ಇರಬಹುದು ಅಂತ ತಿಳಿದವರೇ ಅಂದುಕೊಂಡಿದ್ದರು. 2003ರಲ್ಲಿ ಜೆಫ್ರಿ ಎಕ್ಸೂ ಅನ್ನುವ ಗಣಿತಜ್ಞ 11ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ ಅಂತ ತೋರಿಸಿದ. 2008ರಲ್ಲಿ ಅದು 13 ಆಯಿತು. ಅಂದರೆ ನಿಜವಾದ ಉತ್ತರ 13 ಆದರೂ ಆಗಬಹುದು.

ಹಾಗಾದರೆ 13ನ್ನು ಪರೀಕ್ಷಿಸಿ ಮುಗಿಸಬಾರದೇ? ಹದಿಮೂರು ಆಯಾಮದ ಆಕೃತಿಗೆ 8192 ಮೂಲೆ. ಗೆರೆಗಳು 3,35,50,336. ಶಿಕ್ಷಕರಲ್ಲಿ ಒಬ್ಬರು ಈ ಸಂಖ್ಯೆ ಕೇಳಿದ ತಕ್ಷಣ ತಲೆ ಎತ್ತಿದರು, ಅವರಿಗೆ ಗೊತ್ತಿದೆ. ಇದು ಐದನೇ ಪರಿಪೂರ್ಣ ಸಂಖ್ಯೆ. ತನ್ನನ್ನು ಬಿಟ್ಟು ತನ್ನ ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವಂಥದ್ದು. ಚೌಕದಲ್ಲಿ ಗೆರೆ 6, ಘನಾಕೃತಿಯಲ್ಲಿ 28, ಅವೂ ಪರಿಪೂರ್ಣ. ಆದರೆ ನಾಲ್ಕು ಆಯಾಮದಲ್ಲಿ 120, ಅದು ಅಲ್ಲ. ಯಾಕೆ ಅಂತ ನೀವು ಬಿಡಿಸಿ. ಪ್ರತಿ ಗೆರೆಗೂ ಎರಡು ಬಣ್ಣದ ಆಯ್ಕೆ ಅಂದಮೇಲೆ ಹಚ್ಚುವ ರೀತಿಗಳ ಸಂಖ್ಯೆ 2ರ ಘಾತ 3,35,50,336. ಇದರಲ್ಲಿ ಒಂದು ಕೋಟಿಗೂ ಜಾಸ್ತಿ ಅಂಕಿಗಳಿವೆ. ಒಂದೊಂದಾಗಿ ನೋಡಿ ಮುಗಿಸುವ ಕಂಪ್ಯೂಟರ್ ಬರುವುದಿಲ್ಲ. ಆದರೆ ಎಲ್ಲವನ್ನೂ ನೋಡಬೇಕಾಗಿಲ್ಲ. ಆರು ಗೆರೆಯ ತೊಂದರೆ ಇಲ್ಲದ ಒಂದೇ ಒಂದು ಬಣ್ಣಗಾರಿಕೆ ಸಿಕ್ಕರೆ ಸಾಕು, ಕೆಳಗಿನ ಮಿತಿ 14ಕ್ಕೆ ಏರುತ್ತದೆ.